ಹಾಲು ಕಕ್ಕುವ ಕೂಸು: ನೀವೇನು ಮಾಡಿದಿರಿ?

ಕಲಬುರಗಿ ತಾಯಿ: ಮಗಳಿಗೆ ಎರಡು ತಿಂಗಳು ಹತ್ತು ದಿನ. ಪ್ರತಿ ಸಲ ಕುಡಿದ ಮೇಲೆ ಕಕ್ಕುತ್ತಾಳೆ. ಹುಟ್ಟಿದಾಗ 2.8 ಕೆಜಿ, ಈಗ 4.9. ಡಾಕ್ಟರು ರಿಫ್ಲಕ್ಸ್, ಅಂದರೆ ಹೊಟ್ಟೆಯ ಹಾಲು ವಾಪಸ್ ಮೇಲೆ ಬರುವುದು, ಔಷಧಿ ಬೇಡ ಅಂದರು. ಅನುಭವ ಇದ್ದವರು ಹೇಳಿ.

ಭಾಲ್ಕಿ ತಾಯಿ: ಮಗನನ್ನು ಹೈದರಾಬಾದಿಗೆ ಮೂರು ಸಲ ಒಯ್ದೆವು. ಸಲಕ್ಕೆ ಕಾರಿಗೆ 5,500, ಫೀಸು 900. ಟೆಸ್ಟು ಬೇರೆ, 3,200. ಆಸಿಡ್ ಕಡಿಮೆ ಮಾಡುವ ಹನಿ ಆರು ವಾರ ಹಾಕಿದೆ. ಕಕ್ಕುವುದು ಒಂದಿಷ್ಟೂ ಕಡಿಮೆ ಆಗಲಿಲ್ಲ. ಆಮೇಲೆ ಆ ಡಾಕ್ಟರೇ ಹೇಳಿದರು, ಅದು ಉರಿಗೆ ಅಷ್ಟೆ, ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ ಅಂತ. ಮೊದಲೇ ಹೇಳಬಾರದಿತ್ತಾ? ಕೊನೆಗೆ 1,850 ಕೊಟ್ಟು ಇಳಿಜಾರು ದಿಂಬು ತಂದೆ. ಅದರಿಂದಲೇ ನನಗೆ ನಿದ್ದೆ ಸಿಕ್ಕಿತು.

ಸೇಡಂ ಅಪ್ಪ: ಆ ದಿಂಬು ಮೊದಲು ಎಸೆಯಿರಿ. ಕೂಸು ಜಾರಿ ಕತ್ತು ಮಡಚಿದರೆ ಉಸಿರು ಕಟ್ಟುತ್ತದೆ. ಅಮೆರಿಕದಲ್ಲಿ 2022ರಲ್ಲಿ ಮಕ್ಕಳನ್ನು ಓರೆಯಾಗಿ ಮಲಗಿಸುವ ಹಾಸಿಗೆಗಳನ್ನು ಕಾನೂನು ಮಾಡಿಯೇ ನಿಲ್ಲಿಸಿದರು. ಕಕ್ಕಿದರೂ ಸಪಾಟು ಜಾಗದಲ್ಲಿ ಬೆನ್ನ ಮೇಲೆಯೇ ಮಲಗಿಸಬೇಕು. ನಮ್ಮ ಮಗ ಐದನೇ ವಾರದಲ್ಲಿ ಕುಡಿದದ್ದನ್ನೆಲ್ಲ ಪಿಚಕಾರಿ ಹಾಗೆ ಹಾರಿಸುತ್ತಿದ್ದ. ಮರುಗಳಿಗೆ ಮತ್ತೆ ಹಸಿವು. 'ಬರೀ ರಿಫ್ಲಕ್ಸ್' ಅಂತ ನಂಬಿ ಒಂಬತ್ತು ದಿನ ಕೂತೆವು. 400 ಗ್ರಾಂ ಇಳಿದ. ಸೊಲ್ಲಾಪುರದಲ್ಲಿ ಸೋನೋಗ್ರಫಿ ಮಾಡಿದರೆ ಹೊಟ್ಟೆಯ ಕೆಳಬಾಯಿಯ ಸ್ನಾಯು ದಪ್ಪ ಆಗಿ ದಾರಿಯೇ ಮುಚ್ಚಿತ್ತು. ಆಪರೇಷನ್ನಿಗೆ 74,000. ಹೆಂಡತಿಯ ಬಳೆ ಹೋದವು, ಮಗ ಉಳಿದ.

ಸುರಪುರದ ಅಕ್ಕ: ಸುಮ್ನೆ ಹೆದರಿಸಬೇಡಿ ಅಣ್ಣಾರೇ. ನನ್ನ ಇಬ್ಬರೂ ಕಕ್ಕಿದವರೇ. ಕುಡಿಸಿ ಅರ್ಧ ತಾಸು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುತ್ತಿದ್ದೆ. ಸೀರೆಗೆಲ್ಲ ಹುಳಿ ಮೊಸರಿನ ವಾಸನೆ. ನಾಲ್ಕನೇ ತಿಂಗಳಲ್ಲಿ ಜಾಸ್ತಿ, ಕೂರಲು ಕಲಿತ ಮೇಲೆ ಕಡಿಮೆ, ವರ್ಷಕ್ಕೆ ಬಂದ್. ಅತ್ತೆ ಬಜೆ ತೇಯ್ದು ನೆಕ್ಕಿಸುತ್ತಿದ್ದರು, ಏನೂ ಆಗಲಿಲ್ಲ.

ಸೇಡಂ ಅಪ್ಪ: ಬಜೆನಾ! ಆರು ತಿಂಗಳವರೆಗೆ ನೀರೂ ಬೇಡ ಅನ್ನುತ್ತಾರೆ, ನೀವು ಬೇರು ತೇಯ್ದು ಕೊಟ್ಟಿರಿ. ಆಗಲಿಲ್ಲ ಅಂದರೆ ನಿಮ್ಮ ಪುಣ್ಯ.

ಸುರಪುರದ ಅಕ್ಕ: ಕೊಡಿ ಅಂತ ನಾನು ಹೇಳಿದೆನಾ? ಅತ್ತೆ ಎದುರು ಮಾತಾಡಿ ನೋಡಿ ಒಮ್ಮೆ.

ಭಾಲ್ಕಿ ತಾಯಿ: ದಿಂಬು ಎಸೆಯಿರಿ ಅನ್ನುವುದು ಸುಲಭ. ನಿಮ್ಮ ಮನೆಯಲ್ಲಿ ರಾತ್ರಿ ಎದ್ದವರು ಯಾರು, ನೀವಾ?

ಹುಮನಾಬಾದ್ ಅಜ್ಜಿ: ಜಗಳ ಬಿಡಿ. ವಾಂತಿ ಹಸಿರು ಬಂದರೆ, ರಕ್ತ ಕಂಡರೆ ಅವತ್ತೇ ದವಾಖಾನೆಗೆ ಓಡಿ. ಉಳಿದದ್ದಕ್ಕೆ ಬಾಣಂತಿ ಖಾರ ಬಿಡಬೇಕು.

ಭಾಲ್ಕಿ ತಾಯಿ: ಬಿಟ್ಟಿದ್ದೆ ಅಜ್ಜಿ. ಮೂರು ತಿಂಗಳು ರೊಟ್ಟಿ ಹಾಲು, ರೊಟ್ಟಿ ಹಾಲು. ಅವನು ಆಗಲೂ ಕಕ್ಕಿದ.

ಕಲಬುರಗಿ ತಾಯಿ: ತೊಟ್ಟಿಲಿನ ತಲೆ ಕಡೆ ಎರಡು ಇಟ್ಟಿಗೆ ಇಟ್ಟಿದ್ದೆವು. ಈಗಷ್ಟೇ ತೆಗೆದೆ.