ಜಿಲ್ಲಾ ಕೇಂದ್ರದಲ್ಲಿ ಗಂಡಾಂತರ ಗರ್ಭಿಣಿಯರ ಪ್ರತ್ಯೇಕ ಕ್ಲಿನಿಕ್: ತರಬೇತಿ, ದಾಖಲೆ ಮತ್ತು ಫಾಲೋಅಪ್ ಬಗ್ಗೆ

ಪ್ರಶ್ನೆ (ಪ್ರಸೂತಿ ತಜ್ಞೆ, ಚಿತ್ರದುರ್ಗ):

ಸಹೋದ್ಯೋಗಿಗಳೊಂದಿಗೆ ಸೇರಿ ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿದ್ದೇನೆ. ರಕ್ತದೊತ್ತಡ, ಮಧುಮೇಹ, ತೀವ್ರ ರಕ್ತಹೀನತೆ, ಅವಳಿ ಗರ್ಭ, ಹಿಂದಿನ ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ಚರಿತ್ರೆ ಇರುವವರನ್ನು ಈಗ ಸಾಮಾನ್ಯ ಒಪಿಡಿಯ ನೂಕುನುಗ್ಗಲಿನಲ್ಲಿಯೇ ನೋಡಬೇಕಾಗಿದೆ. ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಇವರಿಗೆಂದೇ ಮೀಸಲಿಡುವ ಯೋಚನೆಯಿದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಹೈ ರಿಸ್ಕ್ ಪ್ರೆಗ್ನೆನ್ಸಿ ಫೆಲೋಶಿಪ್‌ಗೆ ಎರಡು ವರ್ಷ ಊರು ಬಿಟ್ಟು ಹೋಗುವುದು ಸದ್ಯಕ್ಕೆ ಸಾಧ್ಯವಿಲ್ಲ. ಪ್ರಾಕ್ಟೀಸ್ ನಡೆಸುತ್ತಲೇ ಪಡೆಯಬಹುದಾದ ತರಬೇತಿ ಯಾವುದು? ದಾವಣಗೆರೆಯಿಂದ ಭ್ರೂಣ ವೈದ್ಯಕೀಯ ತಜ್ಞರೊಬ್ಬರನ್ನು ಸ್ಕ್ಯಾನಿಂಗ್‌ಗೆ ಕರೆಸಿಕೊಳ್ಳುವುದಾದರೆ ಕಾನೂನಿನ ತೊಡಕುಗಳೇನು? ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕೈದು ತಿಂಗಳು ಕ್ರಮವಾಗಿ ಬಂದು ನಂತರ ಕಾಣೆಯಾಗುವ ಗರ್ಭಿಣಿಯರ ಫಾಲೋಅಪ್ ಅನ್ನು ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಉತ್ತರ 1 (ಭ್ರೂಣ ವೈದ್ಯಕೀಯ ತಜ್ಞ, ಹುಬ್ಬಳ್ಳಿ):

ಮೇಡಂ, ಲಂಡನ್ನಿನ ಫೀಟಲ್ ಮೆಡಿಸಿನ್ ಫೌಂಡೇಶನ್ನಿನ ಆನ್‌ಲೈನ್ ಕೋರ್ಸ್‌ಗಳು ಉಚಿತವಾಗಿವೆ. 11ರಿಂದ 13 ವಾರಗಳ ಸ್ಕ್ಯಾನಿನ ಪ್ರಮಾಣಪತ್ರಕ್ಕೆ ನೀವೇ ತೆಗೆದ ಚಿತ್ರಗಳನ್ನು ಕಳುಹಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಈ ಶಿಸ್ತು ಸಮ್ಮೇಳನಗಳ ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ. ಪ್ರಸೂತಿ ಸ್ಕ್ಯಾನಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸುವಾಗ್‌ನ ಮಾರ್ಗಸೂಚಿಗಳನ್ನೂ ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ಆರ್‌ಸಿಒಜಿಯ ಗ್ರೀನ್‌ಟಾಪ್ ಮಾರ್ಗಸೂಚಿಗಳನ್ನೂ ಹಣ ಕೊಡದೆ ಓದಬಹುದು. ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟವಾದ ಫಾಗ್ಸಿಯ ಶಿಫಾರಸುಗಳು ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾಗಿವೆ.

ಹೊರಗಿನ ತಜ್ಞರ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಗರಿಷ್ಠ ಎರಡು ಕೇಂದ್ರಗಳಲ್ಲಿ ಮಾತ್ರ ಸ್ಕ್ಯಾನಿಂಗ್‌ಗೆ ನೋಂದಾಯಿಸಿಕೊಳ್ಳಬಹುದು, ಮತ್ತು ಅವರು ನಿಮ್ಮಲ್ಲಿಗೆ ಬರುವ ವೇಳೆಯನ್ನು ನೀವು ಸ್ಪಷ್ಟವಾಗಿ ನಮೂದಿಸಿರಬೇಕು. ಸಿಬ್ಬಂದಿ, ಸ್ಥಳ ಅಥವಾ ಯಂತ್ರದಲ್ಲಿ ಬದಲಾವಣೆ ಮಾಡುವುದಾದರೆ 30 ದಿನ ಮುಂಚಿತವಾಗಿ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ದಾವಣಗೆರೆಯ ತಜ್ಞರು ಎರಡನೆಯ ಜಿಲ್ಲೆಗೆ ಬರುವವರಾದ್ದರಿಂದ ಪ್ರಾಧಿಕಾರದ ಉತ್ತರವನ್ನು ಲಿಖಿತವಾಗಿಯೇ ಪಡೆದುಕೊಳ್ಳಿ.

ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಈ ಕಾಯ್ದೆಯಡಿ ತುಂಬಬೇಕಾದ ಫಾರ್ಮ್ ಎಫ್ ಅನ್ನು ದಿನದ ಕೊನೆಯಲ್ಲಿ ರಿಸೆಪ್ಷನ್ನಿನವರು ತುಂಬಲಿ ಎಂದು ಬಿಡಬೇಡಿ. ದಾಖಲೆಯ ಕೊರತೆಯನ್ನೂ ಕಾಯ್ದೆಯ ಉಲ್ಲಂಘನೆಯೆಂದೇ ಪರಿಗಣಿಸುವ ಕಲಮನ್ನು ಪ್ರಶ್ನಿಸಿ ಫಾಗ್ಸಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರಲ್ಲಿ ಆ ಅರ್ಜಿ ವಜಾ ಆಯಿತು. ಆದ್ದರಿಂದ ಗರ್ಭಿಣಿ ಮಂಚದಿಂದ ಇಳಿಯುವ ಮೊದಲೇ ಫಾರ್ಮ್ ಪೂರ್ಣವಾಗಿ, ಸಹಿಯಾಗಿ ಇರಬೇಕು. ಮಾಸಿಕ ವರದಿ ಮುಂದಿನ ತಿಂಗಳ 5ರೊಳಗೆ ತಲುಪಬೇಕು, ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕು.

ಭ್ರೂಣದ ಅಂಗದೋಷಗಳನ್ನು ನೋಡುವ ಅನಾಮಲಿ ಸ್ಕ್ಯಾನಿನ ದಿನಾಂಕವನ್ನು ಮೊದಲ ಭೇಟಿಯಲ್ಲಿಯೇ ಬರೆದುಕೊಡಿ. ಗರ್ಭಪಾತ ಕುರಿತ ಎಂಟಿಪಿ ಕಾಯ್ದೆಯ 2021ರ ತಿದ್ದುಪಡಿಯ ನಂತರ 24 ವಾರ ದಾಟಿದ ಗಂಭೀರ ಭ್ರೂಣ ನ್ಯೂನತೆಗಳ ವಿಷಯದಲ್ಲಿ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ತೀರ್ಮಾನ ಬೇಕು. 23ನೆಯ ವಾರದಲ್ಲಿ ದೋಷ ಪತ್ತೆಯಾದರೆ ಯೋಚಿಸುವುದಕ್ಕೆ ಆ ಕುಟುಂಬಕ್ಕೆ ಸಮಯವೇ ಉಳಿಯುವುದಿಲ್ಲ.

ಉತ್ತರ 2 (ನಿವೃತ್ತ ಪ್ರಸೂತಿ ತಜ್ಞೆ, ಸರ್ಕಾರಿ ಸೇವೆ):

ಯಂತ್ರ, ಪ್ರಮಾಣಪತ್ರಗಳ ಮಾತು ಆಯಿತು. ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ನಿಮ್ಮ ಗರ್ಭಿಣಿಯರು ಕಾಣೆಯಾಗುತ್ತಿಲ್ಲ, ತವರಿಗೆ ಹೋಗುತ್ತಿದ್ದಾರೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಹೊರಟರೆ ಬಿ.ಪಿ. ಏರುವ, ಮಗುವಿನ ಬೆಳವಣಿಗೆ ಕುಂಠಿತವಾಗುವ ಕಾಲದಲ್ಲಿ ಆಕೆ ಬೇರೆ ಜಿಲ್ಲೆಯಲ್ಲಿ, ಚರಿತ್ರೆ ತಿಳಿಯದ ವೈದ್ಯರ ಮುಂದೆ ಕುಳಿತಿರುತ್ತಾಳೆ. ಮೊಬೈಲ್ ಸಂಖ್ಯೆಯೋ ಹೆಚ್ಚಾಗಿ ಗಂಡನದು. ನೀವು ಕರೆ ಮಾಡಿದರೆ ಆತ ಕೆಲಸದ ಮೇಲೆ ಇರುತ್ತಾನೆ.

ಹೀಗಾಗಿ ಮೊದಲ ಭೇಟಿಯಲ್ಲಿಯೇ ಕೇಳಿ: ತವರು ಯಾವ ಊರು, ಹೆರಿಗೆ ಎಲ್ಲಿ ಮಾಡಿಸುವ ಯೋಚನೆ, ತಾಯಿಯ ಅಥವಾ ಅಣ್ಣನ ಫೋನ್ ಸಂಖ್ಯೆ ಯಾವುದು, ಆ ಊರಿನ ಆಶಾ ಕಾರ್ಯಕರ್ತೆ ಯಾರು. 28ನೆಯ ವಾರದ ಹೊತ್ತಿಗೆ ಒಂದೇ ಪುಟದ ಸಾರಾಂಶವನ್ನು, ಅಂದರೆ ಸಮಸ್ಯೆ ಏನು, ಯಾವ ಔಷಧಿ ಎಷ್ಟು, ಮುಂದಿನ ಸ್ಕ್ಯಾನ್ ಯಾವಾಗ, ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು, ಸ್ಪಷ್ಟ ಕನ್ನಡದಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಡಿ. ಫೈಲನ್ನು ನರ್ಸಿಂಗ್ ಹೋಂನಲ್ಲಿ ಬೀಗ ಹಾಕಿಟ್ಟುಕೊಳ್ಳುವ ಅಭ್ಯಾಸ ಖಾಸಗಿಯವರಲ್ಲಿ ಇನ್ನೂ ಇದೆ. ಅದರಿಂದ ರೋಗಿಯೂ ಉಳಿಯುವುದಿಲ್ಲ, ಮಾಹಿತಿಯೂ ದಕ್ಕುವುದಿಲ್ಲ.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ನಡೆಯುತ್ತದೆ, ಗಂಡಾಂತರ ಗರ್ಭಿಣಿಯ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. 2022ರ ವಿಸ್ತರಣೆಯಿಂದ ಅಂಥ ಪ್ರತಿಯೊಬ್ಬರನ್ನೂ ಹೆರಿಗೆಯ ನಂತರ 45ನೆಯ ದಿನದವರೆಗೆ ಗಮನಿಸುವ ವ್ಯವಸ್ಥೆಯೂ ಇದೆ. ಖಾಸಗಿ ವೈದ್ಯರು ಇದರಲ್ಲಿ ಸ್ವಯಂಸೇವೆ ಸಲ್ಲಿಸಬಹುದು. ತಿಂಗಳಿಗೊಂದು ದಿನ ಹೊಸದುರ್ಗಕ್ಕೋ ಚಳ್ಳಕೆರೆಗೋ ಹೋಗಿ ಬನ್ನಿ. ಆಶಾ ಕಾರ್ಯಕರ್ತೆಯರ ಪರಿಚಯವಾದರೆ ನಿಮ್ಮ ಫಾಲೋಅಪ್ ಅರ್ಧ ಅಲ್ಲಿಯೇ ಆಗುತ್ತದೆ.

ರೆಫರಲ್ ಕುರಿತೂ ಒಂದು ಮಾತು. ತೀವ್ರ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯ ಬಿ.ಪಿ. ಏರಿ ಅಂಗಗಳಿಗೆ ತೊಂದರೆಯಾಗುವ ಸ್ಥಿತಿ) ಇರುವವರನ್ನು ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್‌ನ ಲೋಡಿಂಗ್ ಡೋಸ್ (ಮೊದಲ ದೊಡ್ಡ ಪ್ರಮಾಣ) ಕೊಡದೆ ಕಳುಹಿಸಬಾರದು, ಕೊಟ್ಟ ಗಂಟೆಯನ್ನು ಚೀಟಿಯಲ್ಲಿ ಬರೆಯದಿರಲೂ ಬಾರದು. ನವಜಾತ ಶಿಶು ಘಟಕದಲ್ಲಿ ಹಾಸಿಗೆ ಇದೆಯೇ, ರಕ್ತ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಚೀಟಿ ಹಿಡಿದು ಮೂರು ಆಸ್ಪತ್ರೆ ಸುತ್ತಿ ಬಂದವರನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ನೋಡಿದ್ದೇನೆ.

ಪ್ರಶ್ನೆ ಕೇಳಿದವರು:

ತವರಿನ ವಿಷಯವನ್ನು ಈ ದೃಷ್ಟಿಯಿಂದ ಯೋಚಿಸಿರಲಿಲ್ಲ, ಧನ್ಯವಾದಗಳು ಮೇಡಂ. ಇನ್ನೊಂದು ಸಂದೇಹ: ಪ್ರಿಎಕ್ಲಾಂಪ್ಸಿಯಾ ಸ್ಕ್ರೀನಿಂಗ್‌ಗೆ ಬೇಕಾದ ಪಿಎಲ್‌ಜಿಎಫ್ (ಮಾಸುವಿನಿಂದ ಬರುವ ಒಂದು ಪ್ರೋಟೀನ್) ರಕ್ತಪರೀಕ್ಷೆಯ ವೆಚ್ಚ ನಮ್ಮಲ್ಲಿ ಅನೇಕರಿಗೆ ಹೊರೆ. ಹಾಗಿದ್ದರೆ ಪ್ರಿಎಕ್ಲಾಂಪ್ಸಿಯಾ ತಡೆಗೆ ಕೊಡುವ ಆಸ್ಪಿರಿನ್ ಅನ್ನು ಸ್ಕ್ರೀನಿಂಗ್ ಇಲ್ಲದೆಯೇ ಎಲ್ಲರಿಗೂ ಆರಂಭಿಸಬಹುದೇ?

ಉತ್ತರ 3 (ಪ್ರಸೂತಿ ವಿಭಾಗದ ಬೋಧಕ, ಬೆಳಗಾವಿ):

ಎಲ್ಲರಿಗೂ ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ರಕ್ತಪರೀಕ್ಷೆ ಇಲ್ಲದಿದ್ದರೆ ಸ್ಕ್ರೀನಿಂಗ್ ಸಾಧ್ಯವೇ ಇಲ್ಲ ಎನ್ನುವುದೂ ಸರಿಯಲ್ಲ. ತಾಯಿಯ ಚರಿತ್ರೆ, ಎರಡೂ ತೋಳುಗಳಲ್ಲಿ ಸರಿಯಾಗಿ ಅಳೆದ ಬಿ.ಪಿ., ಗರ್ಭಾಶಯದ ರಕ್ತನಾಳಗಳಲ್ಲಿ ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸ್ಕ್ಯಾನ್ ಇಷ್ಟರಿಂದಲೇ ಫೀಟಲ್ ಮೆಡಿಸಿನ್ ಫೌಂಡೇಶನ್ನಿನ ಉಚಿತ ಕ್ಯಾಲ್ಕುಲೇಟರ್ ಅಪಾಯವನ್ನು ಅಂದಾಜಿಸಿ ಕೊಡುತ್ತದೆ. 2017ರ ಆಸ್ಪ್ರೆ ಅಧ್ಯಯನದಲ್ಲಿ ಹೀಗೆ ಆರಿಸಿದವರಿಗೆ ರಾತ್ರಿ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಪ್ರಿಎಕ್ಲಾಂಪ್ಸಿಯಾ ಶೇ. 4.3ರಿಂದ 1.6ಕ್ಕೆ ಇಳಿಯಿತು (ಅಲ್ಲಿ ಆಯ್ಕೆಗೆ ರಕ್ತಪರೀಕ್ಷೆಯನ್ನೂ ಬಳಸಿದ್ದರು ಎಂಬುದನ್ನು ಮರೆಯಬಾರದು). ನಮ್ಮ ಬೆಳಗಾವಿಯೂ ಭಾಗವಹಿಸಿದ್ದ, 2020ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಚೊಚ್ಚಲ ಗರ್ಭಿಣಿಯರಿಗೆ 81 ಮಿ.ಗ್ರಾಂ. ಕೊಟ್ಟಾಗ ಅವಧಿಪೂರ್ವ ಹೆರಿಗೆ ಸುಮಾರು ಶೇ. 11ರಷ್ಟು ಕಡಿಮೆಯಾಗಿತ್ತು. ಎರಡರ ಪ್ರಶ್ನೆಗಳೂ ಬೇರೆ, ಡೋಸೂ ಬೇರೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಬಾರದು. ಬಿ.ಪಿ. ಅಳೆಯುವ ನರ್ಸ್‌ಗೆ ಸರಿಯಾದ ಕಫ್ ಗಾತ್ರ, ಕುಳಿತುಕೊಳ್ಳುವ ಭಂಗಿ ಕಲಿಸುವುದಕ್ಕೆ ಹೊಸ ಯಂತ್ರದಷ್ಟು ಖರ್ಚಾಗುವುದಿಲ್ಲ.

ಉತ್ತರ 4 (ನರ್ಸಿಂಗ್ ಹೋಂ ಆಡಳಿತಾಧಿಕಾರಿ, ತುಮಕೂರು):

ಶುಲ್ಕದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. ಪ್ರತಿ ಭೇಟಿಗೂ ಬೇರೆ ಬೇರೆ ಬಿಲ್ ಮಾಡಿದರೆ ಎರಡು ವಾರಕ್ಕೊಮ್ಮೆ ಬರಬೇಕಾದವರು ತಿಂಗಳಿಗೊಮ್ಮೆ ಬರುತ್ತಾರೆ. ಸಮಾಲೋಚನೆಗಳನ್ನೆಲ್ಲ ಸೇರಿಸಿ ಒಂದೇ ಮೊತ್ತ ನಿಗದಿಪಡಿಸಿ, ತವರಿಗೆ ಹೋಗುವವರಿಗೆ ಉಳಿದ ಹಣ ವಾಪಸ್ ಕೊಡುವುದಾಗಿ ಮೊದಲೇ ಬರೆದುಕೊಟ್ಟ ಮೇಲೆ ನಮ್ಮಲ್ಲಿ ಗೈರುಹಾಜರಿ ಗಣನೀಯವಾಗಿ ಇಳಿಯಿತು. ಗಂಡಾಂತರ ಗರ್ಭಿಣಿಯರಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ಬರಬೇಕಾದ ದಿನ ಬಾರದವರಿಗೆ ಮರುದಿನವೇ ಫೋನ್ ಮಾಡುವ ಕೆಲಸವನ್ನು ಒಬ್ಬ ನರ್ಸ್‌ಗೆ ಹೆಸರು ಹಿಡಿದು ವಹಿಸಿ. ಎಲ್ಲರ ಕೆಲಸವೆಂದು ಬಿಟ್ಟರೆ ಅದನ್ನು ಯಾರೂ ಮಾಡುವುದಿಲ್ಲ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ಪರಿಷತ್ತಿನ ನಿಯಮ. ಮೇಲೆ ಮೇಡಂ ಹೇಳಿದ ಒಂದು ಪುಟದ ಸಾರಾಂಶದ ನಕಲನ್ನು ಸಹಿ ಪಡೆದು ನಿಮ್ಮ ಫೈಲಿನಲ್ಲಿಯೂ ಇಟ್ಟುಕೊಳ್ಳಿ, ವೈದ್ಯರ ಹೊಣೆಗಾರಿಕೆಯ ಇಂಡೆಮ್ನಿಟಿ ವಿಮೆಯವರು ಮೊದಲು ಕೇಳುವುದು ಅಂಥ ಕಾಗದವನ್ನೇ.