ಮೂರು ರಾಣಿಯರಿಗೆ ಏಳು ಕುದುರೆ ಭಾರವಾಗುವುದು ಯಾಕೆ?

ಸಪ್ತಾಪುರ_ಚೆಸ್:
ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದ ಸಪ್ತಾಪುರದಲ್ಲಿ ಭಾನುವಾರ ಓಣಿ ಹುಡುಗರಿಗೆ ಚೆಸ್ ಕಲಿಸುತ್ತೇನೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನೇ ಸೋಲಿಸಿತು, ಇನ್ನು ಮಾಮೂಲಿ ಆಟದಲ್ಲಿ ಕಂಪ್ಯೂಟರ್ ನಮ್ಮ ಹುಡುಗರಿಗೆ ಬಗ್ಗುತ್ತದೆಯೇ? ಅದಕ್ಕೆ ಕಾಯಿಗಳನ್ನೇ ಬದಲಿಸಿ ಆಡಿಸುತ್ತಿದ್ದೇನೆ. ಲಿಚೆಸ್ ಎಂಬ ಚೆಸ್ ವೆಬ್‌ಸೈಟ್‌ನಲ್ಲಿ ಕಾಯಿಗಳನ್ನು ಬೇಕಾದಂತೆ ಜೋಡಿಸುವ ಬೋರ್ಡ್ ಎಡಿಟರ್ ಇದೆ. ಅದರಲ್ಲಿ ಕಂಪ್ಯೂಟರ್‌ಗೆ ರಾಜ, ಎಂಟು ಪ್ಯಾದೆ, ಮೂರು ರಾಣಿ. ನಮಗೆ ರಾಜ, ಎಂಟು ಪ್ಯಾದೆ, ಏಳು ಕುದುರೆ. ಹಿಂದಿನ ಸಾಲಿನ ತುಂಬ ಕುದುರೆ ನಿಂತದ್ದು ನೋಡಿ ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೆಳಗಿನ ಲೆವೆಲ್‌ನಲ್ಲಿ ಗೆದ್ದೇ ಬಿಟ್ಟಳು! ರಾಣಿಗೆ 9, ಕುದುರೆಗೆ 3 ಎಂಬ ಪಾಯಿಂಟ್ ಪ್ರಕಾರ ರಾಣಿಯರದು 27, ಕುದುರೆಗಳದು 21. ಹಾಗಾದ್ರೆ ಇದು ಹೇಗೆ?

ಇನ್ನೊಂದು. ಹೊಸ ಕಾಯಿಯನ್ನೇ ಮಾಡಬೇಕು ಅಂತ ಹುಡುಗರು ಹಟ ಹಿಡಿದಿದ್ದಾರೆ. ಅದನ್ನು ಕಂಪ್ಯೂಟರ್‌ಗೆ ತಿಳಿಸುವುದು ಹೇಗೆ?

ಗದಗ_ಕುದುರೆ:
ಆ ಹುಡುಗಿಗೆ ಶಹಬ್ಬಾಸ್ ಹೇಳ್ರಿ ಸರ್. ಲೆವೆಲ್ ಕಡಿಮೆ ಇತ್ತು ಅಂತ ಮಾತ್ರ ಅಲ್ಲ, ಚೆಸ್ ಆಡುವ ಪ್ರೋಗ್ರಾಂ, ಅಂದರೆ ಎಂಜಿನ್, ಎರಡೂ ಕಡೆ ಆಡಿಸಿದರೂ ಕುದುರೆಗಳದ್ದೇ ಮೇಲುಗೈ. ರಾಣಿ ಕುದುರೆಯಂತೆ ಜಿಗಿಯುವುದಿಲ್ಲ ಅಲ್ವಾ? ಹಾಗಾಗಿ ಮೇಲೆ ಬಿದ್ದ ಕುದುರೆಯನ್ನು ಅವಳು ತಿರುಗಿ ಹೊಡೆಯಲು ಆಗುವುದಿಲ್ಲ, ಜಾಗ ಖಾಲಿ ಮಾಡಬೇಕು. ಬೆನ್ನಿಗೆ ಕಾವಲಿದ್ದರೂ ಸುಮ್ನೆ, ಒಂಬತ್ತು ಕೊಟ್ಟು ಮೂರು ತಗೊಂಡ ಹಾಗೆ. ಅದೇ ಎರಡು ಕುದುರೆ ಒಂದಕ್ಕೊಂದು ಕಾವಲು ನಿಂತರೆ ರಾಣಿ ಮುಟ್ಟುವಂತಿಲ್ಲ. ಬೋರ್ಡಿನ ನಡುವೆ ಒಂದು ಕುದುರೆ ಎಂಟು ಮನೆ ಕಾಯುತ್ತದೆ. ಏಳೂ ಮುಂದೆ ಬಂದರೆ ರಾಣಿಗೆ ಕಾಲಿಡಲು ಮನೆ ಸಿಗುವುದೇ ಕಷ್ಟ. ಪಾಯಿಂಟ್ ಲೆಕ್ಕ ಮಾಮೂಲಿ ಕಾಯಿಗಳು ಕಲೆತು ನಿಂತಾಗ ಹೊಂದುತ್ತದೆ, ಇಂಥ ಸೈನ್ಯಕ್ಕೆ ಹೊಂದುವುದಿಲ್ಲ.

ವಿದ್ಯಾನಗರ_ಹುಬ್ಬಳ್ಳಿ:
ಹೊಸ ಕಾಯಿಗೆ ಫೇರಿ-ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಹಾಕಿಕೊಳ್ಳಿ, ಪುಕ್ಕಟೆ. ಒಂದು ಟೆಕ್ಸ್ಟ್ ಫೈಲಿನಲ್ಲಿ ನಡೆ ಬರೆದರೆ ಸಾಕು. ಒಂಟೆಗೆ ‘ಬಿ’, ಕುದುರೆಗೆ ‘ಎನ್’. ಎರಡನ್ನೂ ಕೂಡಿಸಿ ಬರೆದರೆ ಎರಡೂ ಥರ ನಡೆಯುವ ಕಾಯಿ ತಯಾರು. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ತಮ್ಮ ದೊಡ್ಡ ಬೋರ್ಡಿನ ಆಟಕ್ಕೆ ಸೇರಿಸಿದ್ದೂ ಇದನ್ನೇ. ನಮ್ಮ ಮನೆಯಲ್ಲಿ ಅದಕ್ಕೆ ಗಿರ್ಮಿಟ್ ಅಂತ ಹೆಸರಿಟ್ಟಿದ್ದೇವೆ. ಹುಡುಗರಿಗೆ ಇದನ್ನು ತೋರಿಸಿ: ಎ1 ಮೂಲೆಯಲ್ಲಿ ಎದುರಾಳಿಯ ಒಂಟಿ ರಾಜ, ಸಿ3ರಲ್ಲಿ ಗಿರ್ಮಿಟ್. ಒಂಟೆಯ ಗೆರೆಯಲ್ಲಿ ಚೆಕ್, ಬಿ2 ಅದೇ ಗೆರೆಯ ಮೇಲಿದೆ. ಎ2, ಬಿ1 ಎರಡಕ್ಕೂ ಕುದುರೆ ಜಿಗಿತ. ಮೇಟ್! ಬೇರೆ ಯಾವ ಕಾಯಿಯೂ ಬೇಕಿಲ್ಲ. ಮಾಮೂಲಿ ರಾಣಿಗೂ ಒಬ್ಬಳೇ ಹೀಗೆ ಮಾಡಲು ಆಗುವುದಿಲ್ಲ.

ಒಂಟೆಯಂತೆ ನಡೆದು ಕುದುರೆಯಂತೆ ಹೊಡೆಯುವ ಕಾಯಿಯನ್ನೂ ಬರೆಯಬಹುದು. ಅದು ಆಡಲು ಭಾಳ ಮಜಾ.

ಹಾವೇರಿಯವ:
ಫೈಲು ಗೀಲು ಬೇಡ ಅಂದ್ರೆ ಲಿಚೆಸ್‌ನಲ್ಲೇ ಹೋರ್ಡ್ ಎಂಬ ಆಟ ಇದೆ. ಬಿಳಿಗೆ 36 ಪ್ಯಾದೆ, ರಾಜನೇ ಇಲ್ಲ. ಕಪ್ಪು ಅಷ್ಟನ್ನೂ ಹೊಡೆದು ಮುಗಿಸಬೇಕು. ಚಿಕ್ಕವರಿಗೆ ಕಪ್ಪು ಕೊಡಿ.

ಸಪ್ತಾಪುರ_ಚೆಸ್:
ಭಾಳ ಥ್ಯಾಂಕ್ಸ್ರೀ. ಬರುವ ಭಾನುವಾರ ರಾಣಿಯರನ್ನು ಹುಡುಗರಿಗೆ ಕೊಟ್ಟು, ಕುದುರೆಗಳನ್ನು ಕಂಪ್ಯೂಟರ್‌ಗೆ ಬಿಡುತ್ತೇನೆ. ಆಮೇಲೆ ಗಿರ್ಮಿಟ್.