ಒಂದೇ ಕೃತಕ ಪರಮಾಣು ಆಂಪ್ಲಿಫೈಯರ್ ಆಗಬಲ್ಲದೇ?

ಪ್ರಶ್ನೆ (ಕೊಥ್ರೂಡ್, ಪುಣೆ): ಮೇಡಂ, ನಮಸ್ಕಾರ. ನಾರಾಯಣಗಾಂವ್ ಹತ್ತಿರದ ಆರ್ವಿ ಉಪಗ್ರಹ ಭೂಕೇಂದ್ರದಲ್ಲಿದ್ದು ನಿವೃತ್ತನಾದವನು ನಾನು. ಎಲ್‌ಎನ್‌ಎಗಳ (ಕಡಿಮೆ ನೋಯ್ಸ್‌ನ ಆಂಪ್ಲಿಫೈಯರ್‌ಗಳ) ಜೊತೆಯೇ ಕಾಲ ಕಳೆದವನು. ಜಪಾನಿನವರು 2010ರಲ್ಲೇ ಒಂದೇ ಕೃತಕ ಪರಮಾಣುವಿನಿಂದ ಮೈಕ್ರೋವೇವ್ ವರ್ಧಿಸಿದ್ದಾರಂತೆ. ಹೇಗೆ? ನಮ್ಮ ಎಲ್‌ಎನ್‌ಎ ಜಾಗಕ್ಕೆ ಅದು ಬರುತ್ತದೆಯೇ?

ಉತ್ತರ (ಕೊಲಾಬಾ, ಮುಂಬಯಿ, ಕ್ಯೂಬಿಟ್ ಅಂದರೆ ಕ್ವಾಂಟಂ ಬಿಟ್‌ಗಳ ಅಳತೆಯ ಕೆಲಸ): ನಮಸ್ಕಾರ ಸರ್. ಎಲ್‌ಎನ್‌ಎ ಜಾಗಕ್ಕೆ ಬರುವುದಿಲ್ಲ. ಆದರೆ ವಿಷಯ ಬಹಳ ಸೊಗಸಾಗಿದೆ.

ಈ ‘ಪರಮಾಣು’ ಚಿಪ್ ಮೇಲಿನ ಅಲ್ಯೂಮಿನಿಯಂ ಸರ್ಕ್ಯೂಟ್. ಎರಡು ಪದರಗಳ ನಡುವೆ ಒಂದೆರಡು ನ್ಯಾನೊಮೀಟರ್ ಆಕ್ಸೈಡ್ ಇದ್ದರೆ ಅದೇ ಜೋಸೆಫ್ಸನ್ ಜಂಕ್ಷನ್. ಕಾಯಿಲ್ ಮತ್ತು ಕೆಪಾಸಿಟರ್ ಮಾತ್ರ ಇರುವ ಬರೀ ಎಲ್‌ಸಿ ಸರ್ಕ್ಯೂಟಿನಲ್ಲಿ ಶಕ್ತಿಮಟ್ಟಗಳ ಅಂತರ ಎಲ್ಲಾ ಒಂದೇ. ಜಂಕ್ಷನ್ ಸೇರಿದರೆ ಅಂತರಗಳು ಬೇರೆ ಬೇರೆ ಆಗುತ್ತವೆ, ಪರಮಾಣುವಿನಲ್ಲಿ ಇರುವ ಹಾಗೆ.

1962ರ ಟೆಲ್‌ಸ್ಟಾರ್ ಸಂಪರ್ಕ ಉಪಗ್ರಹದ ಕಾಲದಲ್ಲಿ ಅಮೆರಿಕದ ಆಂಡೋವರ್ ಭೂಕೇಂದ್ರ ದ್ರವ ಹೀಲಿಯಂನಲ್ಲಿ ತಣಿಸಿದ ರೂಬಿ ಮೇಸರ್ (ರೂಬಿಯೊಳಗಿನ ಅಯಾನುಗಳಿಂದ ಮೈಕ್ರೋವೇವ್ ವರ್ಧಿಸುವ ಸಾಧನ) ಬಳಸುತ್ತಿದ್ದದ್ದು ನಿಮಗೆ ಗೊತ್ತೇ ಇರುತ್ತದೆ. ನೀವು ಹೇಳಿದ ಜಪಾನಿನವರು, ಅಂದರೆ ಎನ್‌ಇಸಿ ಕಂಪನಿ ಮತ್ತು ರಿಕೆನ್ ಸಂಶೋಧನಾ ಸಂಸ್ಥೆಯವರು ಮಾಡಿದ್ದೂ ಅದನ್ನೇ, ಲೆಕ್ಕವಿಲ್ಲದಷ್ಟು ಕ್ರೋಮಿಯಂ ಅಯಾನುಗಳ ಬದಲು ಒಂದೇ ಪರಮಾಣುವಿನಿಂದ. ಪಂಪ್ (ಶಕ್ತಿ ತುಂಬುವ ಇನ್ನೊಂದು ಮೈಕ್ರೋವೇವ್) ಅದನ್ನು ಮೂರನೇ ಮಟ್ಟಕ್ಕೆ ಏರಿಸುತ್ತದೆ, ಅದು ಬೇಗನೆ ಎರಡನೆಯದಕ್ಕೆ ಇಳಿದು ಅಲ್ಲಿ ತಂಗುತ್ತದೆ. ಅಷ್ಟರಲ್ಲಿ ದುರ್ಬಲ ಸಿಗ್ನಲ್ ಬಂದರೆ ಅದೇ ಫೇಸ್‌ನಲ್ಲಿ (ಅಲೆಯ ಏರಿಳಿತಕ್ಕೆ ಹೆಜ್ಜೆ ಕೂಡಿಸಿ) ಫೋಟಾನ್ ಬಿಟ್ಟು ಕೆಳಗಿಳಿಯುತ್ತದೆ.

ತೊಡಕು ಇಲ್ಲಿದೆ. ಒಂದು ಫೋಟಾನ್ ಕೊಟ್ಟ ಮೇಲೆ ಮತ್ತೆ ಪಂಪ್ ಆಗಲೇಬೇಕು. 6 ಗಿಗಾಹರ್ಟ್ಸ್ ಫೋಟಾನಿನ ಶಕ್ತಿ ಸುಮಾರು 4×10⁻²⁴ ಜೂಲ್. ಸೆಕೆಂಡಿಗೆ 6 ಕೋಟಿ ಫೋಟಾನ್ ಬಿಟ್ಟರೂ ಸಿಗುವುದು ಮೈನಸ್ 126 ಡಿಬಿಎಂ, ಅಂದರೆ 2.4×10⁻¹⁶ ವ್ಯಾಟ್ ಆಸುಪಾಸು. ಆ ಪ್ರಯೋಗದಲ್ಲಿ ಸಿಗ್ನಲ್ಲಿನ ಎತ್ತರ ಹೆಚ್ಚಿದ್ದು ಶೇ. 10ರ ಒಳಗೇ. ನಮಗೆ ಬೇಕಾದದ್ದು 20 ಡಿಬಿ, ಅಂದರೆ ಪವರ್ ನೂರು ಪಟ್ಟು! ಅದಕ್ಕೇ ಲ್ಯಾಬ್‌ಗಳಲ್ಲಿ 10-20 ಮಿಲಿಕೆಲ್ವಿನ್ ತಟ್ಟೆಯ ಮೇಲೆ ಜೋಸೆಫ್ಸನ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್ ಕೂರಿಸುತ್ತಾರೆ, ಆಮೇಲೆ 4 ಕೆಲ್ವಿನ್‌ನಲ್ಲಿ ಹೆಮ್ಟ್ ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಇಲ್ಲಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನವರು 2015ರಲ್ಲಿ ಅಂಥದ್ದೊಂದು ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್‌ಗೆ 20 ಡಿಬಿ ಗೇನ್ (ವರ್ಧನೆ) ಜೊತೆ ಸುಮಾರು 640 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ತಂದು ತೋರಿಸಿದ್ದರು.

ಪ್ರಶ್ನೆ (ಡೊಂಬಿವಲಿ, ಬಿ.ಇ. ವಿದ್ಯಾರ್ಥಿ): ಅಕ್ಕಾ, ಗೇನ್ ಇಷ್ಟೇ ಅಂದಮೇಲೆ ಇದರಿಂದ ಏನು ಉಪಯೋಗ?

ಉತ್ತರ: ನೋಯ್ಸ್ ಎಲ್ಲಿಂದ ಬರುತ್ತದೆ ಅಂತ ಕಣ್ಣಾರೆ ಕಾಣಬಹುದು ತಮ್ಮಾ. ಫೇಸ್ ಉಳಿಸಿಕೊಂಡು ದೊಡ್ಡ ಗೇನ್ ಕೊಡುವ ಯಾವ ಆಂಪ್ಲಿಫೈಯರ್ ಆದರೂ ಕನಿಷ್ಠ ಅರ್ಧ ಫೋಟಾನಿನಷ್ಟು ನೋಯ್ಸ್ ಸೇರಿಸಲೇಬೇಕು, 1982ರಲ್ಲಿ ಕಾರ್ಲ್‌ಟನ್ ಕೇವ್ಸ್ ತೋರಿಸಿದ ಮಿತಿ ಅದು. ಇಲ್ಲಿ ನೋಯ್ಸ್‌ನ ಮೂಲ ಆ ಒಂದು ಪರಮಾಣು ತಾನಾಗಿ ಬಿಡುವ ಫೋಟಾನುಗಳೇ. ಅದರ ಸ್ಪೆಕ್ಟ್ರಮ್ಮನ್ನೂ ಜಪಾನಿನ ಆ ತಂಡದವರು ಅಳೆದಿದ್ದಾರೆ. ನನಗೆ ಗೇನ್‌ಗಿಂತ ಇದೇ ದೊಡ್ಡದು.

ಇನ್ನೊಂದು ಮಾತು. ಚಿಪ್ ಮೇಲಿನ ಲೈನಿನಲ್ಲಿ ಅಲೆಗೆ ಇರುವುದು ಎರಡೇ ದಿಕ್ಕು, ಪರಮಾಣುವನ್ನು ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ. ಅದೇ ತಂಡ ಅದೇ ವರ್ಷ ಒಂದೇ ಪರಮಾಣು ಶೇ. 94ರಷ್ಟು ಪವರ್ ತಡೆದದ್ದನ್ನು ತೋರಿಸಿತ್ತು. ನೀನು ಕಾಲೇಜಿನಲ್ಲಿ ಎಸ್21, ಅಂದರೆ ಒಳಗೆ ಬಿಟ್ಟ ಅಲೆಯಲ್ಲಿ ಎಷ್ಟು ಪಾಲು ಆಚೆ ತಲುಪಿತು ಎಂಬುದನ್ನು ಓದಿರುತ್ತೀಯಲ್ಲ? ಪಂಪ್ ಇಲ್ಲದಾಗ ಆ ಆವರ್ತನದಲ್ಲಿ ಎಸ್21 ಗೆರೆ ಗುಳಿ ಬೀಳುತ್ತದೆ. ಪಂಪ್ ಕೊಟ್ಟರೆ ಅಲ್ಲೇ 1ನ್ನು ದಾಟಿ ಮೇಲೇಳುತ್ತದೆ.